ಹದಿನೇಳನೆಯ ಬಿಲ್ಲೆ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಈಜು ಸಂಘದ ಹಲಗೆಯ ಮೇಲೆ ಮೂವತ್ತೊಂಬತ್ತು ಬಿಲ್ಲೆಗಳಿದ್ದವು. ನಲವತ್ತು ಇರಬೇಕಿತ್ತು.

ಕಾಣೆಯಾದದ್ದು ಹದಿನೇಳನೆಯದು. ಆ ಹೊತ್ತಿಗೆ ಅದು ಸಮುದ್ರದಿಂದ ಆರುನೂರು ಮೀಟರ್ ದೂರದಲ್ಲಿ, ಕೃತಕ ಹಲ್ಲು ತಯಾರಿಸುವ ಕಾರ್ಯಾಗಾರದ ಎರಡನೆಯ ಮೇಜಿನ ಎದುರು, ಒಂದು ಬಿಳಿ ಕೋಟಿನ ಎದೆಜೇಬಿನಲ್ಲಿ ಕ್ಷೇಮವಾಗಿತ್ತು. ಕೋಟಿನೊಳಗಿದ್ದವರಿಗೆ ಅದು ಗೊತ್ತಿರಲಿಲ್ಲ.

ಬಿಲ್ಲೆಯ ಪದ್ಧತಿ ಸರಳವಾದುದು. ನೀರಿಗಿಳಿಯುವವರು ಹಲಗೆಯಿಂದ ಯಾವುದಾದರೊಂದು ಬಿಲ್ಲೆ ತೆಗೆದು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಮೇಲೆ ಬಂದೊಡನೆ ಅದೇ ಕೊಕ್ಕೆಗೆ ಸಿಕ್ಕಿಸಬೇಕು. ಬೆಂಡಿನಿಂದ ಮಾಡಿ ಹಳದಿ ಬಣ್ಣ ಬಳಿದ, ಬಿಸ್ಕತ್ತಿನಷ್ಟಗಲದ ಬಿಲ್ಲೆಗಳು ಅವು. ನೀರಿಗೆ ಬಿದ್ದರೆ ತೇಲುತ್ತವೆ. ಯಾರ ಹೆಸರಿಗೂ ಯಾವ ಬಿಲ್ಲೆಯೂ ಇಲ್ಲ. ಬೆಳಗಿನ ಈಜು ಮುಗಿಯುವುದು ಎಂಟಕ್ಕೆ. ಆಗ ಒಂದು ಕೊಕ್ಕೆ ಖಾಲಿ ಇದ್ದರೆ ಒಂದು ಜೀವ ನೀರಿನಲ್ಲಿದೆ ಎಂದರ್ಥ, ಸೈರನ್ ಕೂಗಿಸಬೇಕು. ಮೂವತ್ತೊಂದು ವರ್ಷಗಳಲ್ಲಿ ಸೈರನ್ ಎರಡು ಸಲ ಕೂಗಿತ್ತು. ಎರಡು ಸಲವೂ ಹಲಗೆ ಸುಳ್ಳು ಹೇಳಿರಲಿಲ್ಲ.

ಕೋಟಿನೊಳಗಿದ್ದವರು ನಾಲ್ಕು ಜನರ ಸಂಸಾರವೊಂದರ ಯಜಮಾನರು. ಮನೆಯಲ್ಲಿ ಹಾಗೆಂದು ಒಪ್ಪಿಕೊಂಡವರು ಯಾರೂ ಇಲ್ಲದಿದ್ದರೂ ಬಾಡಿಗೆ ಕರಾರಿನಲ್ಲಿ ಹಾಗೆಯೇ ಬರೆದಿದೆ. ಒಂಬತ್ತು ತಿಂಗಳ ಹಿಂದೆ ಕೆಲಸದ ಮೇಲೆ ಈ ಪರದೇಶದ ಕಡಲೂರಿಗೆ ಬಂದಿಳಿದಾಗ ಸಂಸಾರದ ನಾಲ್ವರೂ ಮನೆಯೊಳಗೇ ಇರುವ ಜನವಾಗಿದ್ದರು. ಮೂರನೆಯ ವಾರ ಹೆಂಡತಿ ದೋಣಿಗೆ ಹುಟ್ಟು ಹಾಕುವ ಹೆಂಗಸರ ತಂಡ ಸೇರಿದರು. ಈಗ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯಲು ಗಂಡನನ್ನು ಕರೆಯುವ ಪದ್ಧತಿ ನಿಂತಿದೆ. ಹನ್ನೊಂದು ವರ್ಷದ ಮಗಳು ಮನೆಗೆ ಬರುವುದು ಊಟಕ್ಕೆ ಮತ್ತು ಒಣಗಲಿಕ್ಕೆ. ಎಪ್ಪತ್ತೊಂದರ ಅತ್ತೆ, ಮಗಳ ಜೊತೆಗಿರಲು ಬಂದವರು, ಮರಳಿನ ಮೇಲೆ ಚೆಂಡು ಉರುಳಿಸುವ ಹಿರಿಯರ ತಂಡ ಸೇರಿ, ಊರಿನ ಭಾಷೆ ಬಾರದೆಯೇ ಅದರಲ್ಲಿ ಜಗಳವಾಡಲು ಕಲಿತಿದ್ದರು.

ಉಳಿದವರು ಯಜಮಾನರು. ಅವರಿಗೆ ನೀರೆಂದರೆ ಭಯ. ಸ್ನಾನದ ಮನೆಯಲ್ಲೂ ಕಣ್ಣು ಬಿಟ್ಟುಕೊಂಡೇ ತಂಬಿಗೆ ಸುರಿದುಕೊಳ್ಳುವರು. ಸೋಪು ಕಣ್ಣಿಗಿಳಿದರೂ ಸರಿ, ನೀರಿನ ಮೇಲಿನ ನಿಗಾ ತಪ್ಪಬಾರದು ಎಂಬುದು ಅವರ ನಿಯಮ.

ಸಂಘಕ್ಕೆ ಸೇರುವ ದಿನ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಎಷ್ಟು ದೂರ ಈಜಬಲ್ಲಿರಿ? ಹೆಂಡತಿ ಇನ್ನೂರು ಮೀಟರ್ ಎಂದು ಬರೆದರು. ಮಗಳು ನಾನೂರು ಎಂದು ಬರೆದಳು. ಅರ್ಜಿ ಮೂರನೆಯವರಾಗಿ ಯಜಮಾನರ ಕೈಗೆ ಬಂದಾಗ ಹೆಂಡತಿ ಎಡಭುಜದ ಮೇಲಿಂದಲೂ ಮಗಳು ಬಲಮೊಣಕೈ ಕೆಳಗಿಂದಲೂ ಇಣುಕುತ್ತಿದ್ದರು. ಅವರು ‘ಒಂದು ಕಿಲೋಮೀಟರ್’ ಎಂದು ಬರೆದರು. ಹೆಚ್ಚಾಯಿತೇನೋ ಎನಿಸಿ, ಹಿಂದೆ ‘ಸುಮಾರು’ ಎಂದು ಸೇರಿಸಿದರು.

ಅಂದಿನಿಂದ ಅವರ ದಿನಚರಿ ನಿಗದಿಯಾಯಿತು. ಆರೂ ನಲವತ್ತಕ್ಕೆ, ಬೇರೆ ಯಾರೂ ಬರುವ ಮುಂಚೆ, ಚಡ್ಡಿ ಮತ್ತು ಟವೆಲಿನಲ್ಲಿ ಬಂದು ಒಂದು ಬಿಲ್ಲೆ ತೆಗೆದುಕೊಳ್ಳುವರು. ದೋಣಿಮನೆಯ ಹಿಂಭಾಗಕ್ಕೆ ಹೋಗಿ, ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಇಪ್ಪತ್ತೈದು ನಿಮಿಷ ಕೂರುವರು. ಗೋಡೆಗೆ ಮುಖ ಏಕೆಂದರೆ ಇನ್ನೊಂದು ಕಡೆ ಸಮುದ್ರವಿತ್ತು. ಬಳಿಕ ಅಡುಗೆಮನೆಯ ನಲ್ಲಿಯಿಂದ ತುಂಬಿ ತಂದ ಬಾಟಲಿಯ ನೀರನ್ನು ತಲೆಗೆ ಹನಿಸಿಕೊಂಡು, ಬಿಲ್ಲೆ ಸಿಕ್ಕಿಸಿ, ಮನೆಗೆ ಬರುವರು.

“ಇವತ್ತು ಹೇಗಿತ್ತು?” ಎಂದು ಹೆಂಡತಿ ಕೇಳುವರು.

“ಸ್ವಲ್ಪ ಸೆಳೆತ ಇತ್ತು” ಎನ್ನುವರು ಯಜಮಾನರು.

ಅನುಮಾನ ಬಂದದ್ದು ಅತ್ತೆಗೆ ಮಾತ್ರ. “ಅಲ್ವೇ, ನಿನ್ನ ಕೂದ್ಲು ಉಪ್ಪುನೀರಿಗೆ ಹಗ್ಗ ಆಗಿದೆ. ಇವಳದ್ದು ಪೊರಕೆ ಆಗಿದೆ. ಅಳಿಯಂದ್ರದ್ದು ಮಾತ್ರ ರೇಷ್ಮೆ ಇದ್ದಂಗಿದೆಯಲ್ಲ?”

“ಅಪ್ಪ ತುಂಬಾ ಜೋರಾಗಿ ಈಜ್ತಾರೆ ಅಜ್ಜಿ, ಉಪ್ಪು ಅಂಟ್ಕೊಳ್ಳೋಕೆ ಟೈಮೇ ಸಿಗಲ್ಲ” ಎಂದಳು ಮಗಳು. ಆಕೆ ತಮಾಷೆ ಮಾಡುತ್ತಿರಲಿಲ್ಲ.

ಆ ಶನಿವಾರ ಏಳೂ ಎರಡಕ್ಕೆ, ಯಜಮಾನರು ಪೆಟ್ಟಿಗೆಯ ಮೇಲಿದ್ದಾಗ, ದಂತವೈದ್ಯರ ಫೋನು ಬಂತು. ಶಾಲೆಯ ಮುಖ್ಯೋಪಾಧ್ಯಾಯರು ಹತ್ತು ಗಂಟೆಗೆ ಭಾಷಣ ಮಾಡಬೇಕು, ಮೇಲಿನ ಸಾಲು ಹಲ್ಲು ಕೈಜಾರಿ ಬಿದ್ದು ಎರಡು ಹೋಳಾಗಿದೆ, ತಕ್ಷಣ ಬನ್ನಿ. ಯಜಮಾನರು ಹಾಗೆಯೇ ಕಾರ್ಯಾಗಾರಕ್ಕೆ ಓಡಿ, ಚಡ್ಡಿಯ ಮೇಲೆ ಕೋಟು ತೊಟ್ಟು ಕೂತರು. ಮಣಿಕಟ್ಟಿನ ಬಿಲ್ಲೆ ಮೇಣಕ್ಕೆ ತಾಗುತ್ತಿತ್ತು. ಏನೆಂದು ನೋಡದೆ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಎಂಟೂ ನಾಲ್ಕಕ್ಕೆ, ಹಲ್ಲಿನ ಎರಡು ಹೋಳುಗಳು ಕೂಡಿಕೊಂಡ ಹೊತ್ತಿಗೆ, ಸೈರನ್ ಕೂಗಿತು.

ಅದು ಮೊದಲು ನೆಲದಿಂದ ಬಂದಂತೆ ಗುಯ್ಯೆಂದು, ಆಮೇಲೆ ಏರುತ್ತಾ ಏರುತ್ತಾ ಕಿಟಕಿಯ ಗಾಜು ನಡುಗಿಸುವ ದನಿ. ಪಕ್ಕದ ಮೇಜಿನವರು ಎದ್ದು ನಿಂತರು. “ಸಮುದ್ರದ್ದು” ಎಂದರು, ತಮ್ಮಷ್ಟಕ್ಕೆ ಹೇಳಿಕೊಳ್ಳುವವರಂತೆ. ಯಜಮಾನರು ಗೋಡೆ ಗಡಿಯಾರ ನೋಡಿದರು. ಹೆಂಡತಿ ಮತ್ತು ಮಗಳು ಶನಿವಾರ ನೀರಿಗಿಳಿಯುವುದು ಏಳೂ ಕಾಲಿಗೆ; ಮೇಲೆ ಬರುವುದು ಎಂಟಕ್ಕೆ.

ಆರುನೂರು ಮೀಟರನ್ನು ಅವರು ಎಷ್ಟು ಹೊತ್ತಿನಲ್ಲಿ ಓಡಿದರೆಂಬುದು ದಾಖಲಾಗಿಲ್ಲ. ಬೇಕರಿಯ ಎದುರು ಒಬ್ಬರು, ಬಿಳಿ ಕೋಟು, ಬರಿಗಾಲು, ಕೈಯಲ್ಲಿ ಯಾರದೋ ಹಲ್ಲು ಹಿಡಿದು ಓಡುತ್ತಿದ್ದುದನ್ನು ಮೂವರು ಕಂಡಿದ್ದಾರೆ.

ದಡದಲ್ಲಿ ಜನ ಸೇರಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅದೇ ಹೆಚ್ಚು ಹೆದರಿಸುವಂತಿತ್ತು. ಸಮುದ್ರ ಬೂದು ಬಣ್ಣಕ್ಕೆ ತಿರುಗಿ ಉಬ್ಬುತ್ತಾ ಇಳಿಯುತ್ತಾ ಇತ್ತು. ಮೊದಲು ಕಂಡದ್ದು ಮಗಳು, ಟವೆಲ್ ಹೊದ್ದು ನಡುಗುತ್ತಿದ್ದಳು. ಅವಳ ಹಿಂದೆ ಹೆಂಡತಿ. ಅವರ ಹಿಂದೆ ಚೆಂಡಾಟದ ಟೊಪ್ಪಿಯಲ್ಲಿ ಅತ್ತೆ. ಯಜಮಾನರು ಎರಡೆರಡು ಸಲ ಎಣಿಸಿದರು. ಮೂವರೂ ಇದ್ದರು.

“ಅಯ್ಯೋ, ಬಂದ್ರಾ!” ಎಂದು ಹೆಂಡತಿ ಅವರ ಕೋಟಿನ ಕಾಲರು ಹಿಡಿದು ಅಲ್ಲಾಡಿಸಿದರು. “ಬೆಳಿಗ್ಗೆ ಹೋದವರು ಮನೆಗೆ ಬರ್ಲಿಲ್ಲ, ಫೋನಿಲ್ಲ. ನಾನು ನೀವೇ ಅಂದ್ಕೊಂಡೆ ಕಣ್ರೀ!”

“ನಾನು ನಿಮ್ಮನ್ನ ಅಂದ್ಕೊಂಡೆ.”

ಹಿಡಿದ ಕಾಲರಿಗೆ ಒಂದು ಗೇಣು ಕೆಳಗೆ ಬಿಲ್ಲೆಯಿತ್ತು.

ಯಜಮಾನರು ಹಲ್ಲಿನ ಸೆಟ್ಟನ್ನು ಅತ್ತೆಯ ಕೈಗಿತ್ತರು. “ಸ್ವಲ್ಪ ಹಿಡ್ಕೊಂಡಿರಿ. ಹತ್ತು ಗಂಟೆಗೆ ಬೇಕು.”

ಸಂಘದ ಮೇಲ್ವಿಚಾರಕಿ, ಅರವತ್ತೆಂಟರ ಹೆಂಗಸು, ಕೊರಳಲ್ಲಿ ಸೀಟಿ ಹಾಕಿಕೊಂಡು ಬಂದರು. ಅವರ ಬಾಯಲ್ಲಿದ್ದ ಕೆಳಸಾಲು ಯಜಮಾನರ ಕೈಕೆಲಸವೇ. ಆದ್ದರಿಂದ ಅವರ ಮಾತಿನ ಮೇಲೆ ಆಕೆಗೆ ನಂಬಿಕೆಯಿತ್ತು.

“ನೀವು ಬಿಲ್ಲೆ ವಾಪಸ್ ಹಾಕಿದ್ರಾ?”

“ಹಾಕಿದೆ” ಎಂದರು ಯಜಮಾನರು. ಎಂಟು ತಿಂಗಳಿಂದ ಒಂದು ದಿನವೂ ತಪ್ಪಿರಲಿಲ್ಲ. ಆ ದಿನದ್ದನ್ನು ಬೇರೆಯಾಗಿ ನೆನೆಸಿಕೊಳ್ಳುವ ಅಗತ್ಯ ಅವರಿಗೆ ಕಾಣಲಿಲ್ಲ.

“ಸರಿ. ಇಲ್ಲಿರೋರೆಲ್ಲ ಹಾಕಿದ್ದಾರೆ. ಹಾಗಾದ್ರೆ ಇಲ್ಲಿಲ್ಲದವರು ಯಾರೋ ಒಬ್ರು ಒಳಗಿದ್ದಾರೆ. ಎಲ್ಲರಿಗಿಂತ ಮುಂಚೆ ನೀರಲ್ಲಿ ಇದ್ದದ್ದು ನೀವು. ಅದೂ ದೂರ ಹೋಗೋರು ನೀವೊಬ್ರೇ. ಯಾರನ್ನಾದ್ರೂ ನೋಡಿದ್ರಾ?”

ನಲವತ್ತು ಜೊತೆ ಕಣ್ಣುಗಳು ತಿರುಗಿದವು. ಆ ದಿನ ಯಜಮಾನರು ನೋಡಿದ್ದು ದೋಣಿಮನೆಯ ಗೋಡೆ. ಅದರ ಮೂರನೆಯ ಹಲಗೆಯಲ್ಲಿ ಒಂದು ಗಂಟಿತ್ತು. ಅದನ್ನು ಹೇಳುವಂತಿರಲಿಲ್ಲ. ಯಾರನ್ನೂ ನೋಡಲಿಲ್ಲ ಎಂದರೆ ಒಂದು ಕಿಲೋಮೀಟರ್ ಈಜಿದವರು ಎಲ್ಲಿ ನೋಡುತ್ತಿದ್ದರು ಎಂಬ ಪ್ರಶ್ನೆ ಬರುತ್ತಿತ್ತು.

“ಒಂದು... ತಲೆ” ಎಂದರು.

“ತಲೆ!”

“ದೂರದಲ್ಲಿ.”

“ಎಲ್ಲಿ? ಎಡಕ್ಕಾ, ಬಲಕ್ಕಾ?”

ದೂರವೆಂದರೆ ಅವರಿಗೆ ಗೊತ್ತಿದ್ದದ್ದು ಒಂದೇ ಗುರುತು. “ಕರಿಬಂಡೆ ಹತ್ರ.”

ಜನರ ಗಂಟಲಿಂದ ಒಂದು ಸದ್ದು ಹೊರಟಿತು. ಕರಿಬಂಡೆಯ ಆಚೆ ಎರಡು ಸೆಳೆತಗಳು ಕೂಡುತ್ತವೆ. ಆ ದಿನ ಸಮುದ್ರದ ಇಳಿತ ಶುರುವಾಗುವುದು ಎಂಟೂ ನಲವತ್ತಕ್ಕೆ. ಆಮೇಲೆ ಬಂಡೆಯಾಚೆ ಇದ್ದ ದೋಣಿ ತಾನಾಗಿ ಹಿಂದಕ್ಕೆ ಬಂದದ್ದನ್ನು ಕಂಡವರಿಲ್ಲ.

“ಕೂದಲು ಕಪ್ಪಾ, ಬಿಳಿಯಾ?”

“ಟೊಪ್ಪಿ ಇತ್ತು.”

“ಯಾವ ಬಣ್ಣ?”

“ಕೆಂಪು” ಎಂದರು ಯಜಮಾನರು. ಹೇಳುತ್ತಿದ್ದಂತೆ ಅವರಿಗೇ ಮೈ ಜುಮ್ಮೆಂದಿತು.

“ಕೆಂಪು ಟೊಪ್ಪಿ!” ಎಂದು ಅಂಚೆಯವರು ಹಣೆ ಬಡಿದುಕೊಂಡರು. “ಅಯ್ಯೋ, ನನಗೆ ಗೊತ್ತು. ಗುರುವಾರ ನೋಡಿದ್ದೆ. ಎತ್ತರಕ್ಕಿದ್ರು. ನಮಸ್ಕಾರ ಅಂದೆ, ತಲೆ ಅಲ್ಲಾಡಿಸಿದ್ರು.”

“ಮೂಲೆ ಮನೆಗೆ ಹೊಸದಾಗಿ ಬಂದಿದ್ದಾರಲ್ಲ, ಅವರೇ ಇರ್ಬೇಕು” ಎಂದರೊಬ್ಬರು.

“ಪಾಪ, ನಮ್ಮ ಅಂಗಡಿಗೂ ಬರ್ತಿದ್ರು” ಎಂದರು ಬೇಕರಿಯವರು. “ಯಾವತ್ತೂ ಎರಡೇ ಬನ್ನು. ಒಂಟಿ ಮನುಷ್ಯ.”

ಐದು ನಿಮಿಷದೊಳಗೆ ಕೆಂಪು ಟೊಪ್ಪಿಯವರಿಗೆ ಎತ್ತರ, ಮನೆ, ಹಸಿವು, ಒಳ್ಳೆಯ ಸ್ವಭಾವ ಎಲ್ಲವೂ ಪ್ರಾಪ್ತವಾದವು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡರು. ಯಜಮಾನರಿಗೂ ನಂಬಿಕೆ ಬರತೊಡಗಿತು. ಇಷ್ಟು ಜನ ಕಂಡ ಮೇಲೆ ಅಂಥವರು ಇದ್ದೇ ಇರಬೇಕು. ತಾನು ಗೋಡೆ ನೋಡುತ್ತಾ ಕೂತಿದ್ದಾಗ, ಬೆನ್ನ ಹಿಂದೆ, ಆ ಎರಡು ಬನ್ನಿನ ಮನುಷ್ಯ ಕೂಗಿದ್ದರೆ?

ಪಾರುಗಾಣಿಕೆ ದೋಣಿ ಇಳಿಸಿದರು. ಮೋಟಾರು ದೋಣಿ ಎರಡು ದಿನದಿಂದ ರಿಪೇರಿಯಲ್ಲಿತ್ತು, ಇಳಿದದ್ದು ಹುಟ್ಟಿನದು. ಹೆಂಗಸರ ತಂಡ ಆಗಲೇ ದಡದಲ್ಲಿದ್ದುದರಿಂದ ಹುಟ್ಟಿಗೆ ಕೂತವರು ಅವರೇ. ದೋಣಿಯ ಎರಡನೆಯ ಹಲಗೆಯ ಮೇಲೆ ಎಡಗಡೆ, ನೀಲಿ ಅಂಗಿಯಲ್ಲಿ, ಯಜಮಾನರ ಹೆಂಡತಿ.

“ನೀ ಎಲ್ಲಿಗೆ ಹೋಗ್ತಿದೀಯಾ?” ಎಂದು ಯಜಮಾನರು ಕೇಳಿದರು.

“ಎಲ್ಲಿಗೆ ಅಂದ್ರೆ? ನೀವೇ ಹೇಳಿದ್ರಲ್ಲ, ಕರಿಬಂಡೆಗೆ.”

ದೋಣಿ ಅಲೆ ಏರಿ ಮರೆಯಾಯಿತು, ಮತ್ತೆ ಕಂಡಿತು, ಮತ್ತೆ ಮರೆಯಾಯಿತು. ಯಜಮಾನರು ಮೇಲ್ವಿಚಾರಕಿಯ ಹಿಂದೆ ಓಡಿದರು.

“ನೋಡಿ, ಬಹುಶಃ ಅದು ಟೊಪ್ಪಿ ಅಲ್ಲ. ಬಹುಶಃ ಹಕ್ಕಿ.”

“ಕೆಂಪು ಹಕ್ಕಿ?”

“ಬಹುಶಃ ಕೆಂಪೂ ಅಲ್ಲ.”

“ಗಾಬರಿಯಾಗಿದ್ದೀರಿ, ಸಹಜ” ಎಂದು ಆಕೆ ಅವರ ಬೆನ್ನು ತಟ್ಟಿದರು. “ನೀವು ಹೇಳಿರದಿದ್ರೆ ಎಲ್ಲಿ ಹುಡುಕಬೇಕು ಅಂತಾನೇ ನಮಗೆ ಗೊತ್ತಾಗ್ತಿರಲಿಲ್ಲ. ಬನ್ನಿ, ಸರಪಳಿ ಕಟ್ಟೋಣ.”

ಸರಪಳಿ ಎಂದರೆ ಜನರದ್ದು. ಕೈಕೈ ಹಿಡಿದು ಸಾಲಾಗಿ ನೀರಿಗಿಳಿದು, ಕಾಲಿನಿಂದ ತಳ ತಡವುತ್ತಾ ಸಾಗಬೇಕು. ಇಪ್ಪತ್ತಾರು ಮಂದಿ ಸೇರಿದರು. ಈಜು ಬಾರದವರು ದಡದ ಕಡೆ, ಬರುವವರು ಆಳದ ಕಡೆ ಎಂಬುದು ನಿಯಮ. ಮೇಲ್ವಿಚಾರಕಿ ಪುಸ್ತಕ ತೆರೆದು ದೂರದ ಕಾಲಂ ನೋಡಿ ಕೂಗಿದರು: “ಕಿಲೋಮೀಟರಿನವರು ತುದಿಗೆ!”

ಹಾಗೆ ಯಜಮಾನರು ಇಪ್ಪತ್ತಾರನೆಯವರಾದರು. ಅವರ ಎಡಗೈ ಬೇಕರಿಯವರ ಕೈಯಲ್ಲಿತ್ತು. ಬಲಗೈ ಆಚೆ ಸಮುದ್ರವೊಂದೇ.

ನೀರು ಪಾದಕ್ಕೆ ಬಂದಾಗ ಅವರು ಮಾತು ನಿಲ್ಲಿಸಿದರು. ಮೊಣಕಾಲಿಗೆ ಬಂದಾಗ ಕಣ್ಣು ಅಗಲಿಸಿದರು. ಸೊಂಟಕ್ಕೆ ಬಂದಾಗ ಬೇಕರಿಯವರು, “ಸ್ವಾಮಿ, ಕೈ ಸ್ವಲ್ಪ ಸಡಿಲ ಮಾಡಿ, ನಾಳೆ ನಾನು ಹಿಟ್ಟು ನಾದಬೇಕು” ಎಂದರು. ಪ್ರತಿ ಹೆಜ್ಜೆಗೂ ಕಾಲಡಿಯ ಮರಳು ಸರಿಯುತ್ತಿತ್ತು. ಎಲ್ಲಿ ಮೆತ್ತಗೇನಾದರೂ ತಾಗುವುದೋ ಎಂದು ಯಜಮಾನರು ಕಾಲನ್ನು ಊರಲಾರದೆ, ಊರದಿರಲಾರದೆ ನಡೆದರು. ಒಮ್ಮೆ ಏನೋ ತಾಗಿತು. ಅವರು ಹಾಕಿದ ಕೂಗಿಗೆ ಇಪ್ಪತ್ತೈದು ಮಂದಿ ನಿಂತರು. ಅದು ಬೇಕರಿಯವರ ಕಾಲಾಗಿತ್ತು.

ಅದೇ ವೇಳೆಗೆ ದಡದಲ್ಲಿ ಇನ್ನೊಂದು ಸುದ್ದಿ ಹಬ್ಬಿತು. ಅಂಚೆಯವರು ಅತ್ತೆಯ ಮುಷ್ಟಿಯಲ್ಲಿ ಹಲ್ಲಿನ ಸಾಲು ಕಂಡರು.

“ಇದು ಎಲ್ಲಿ ಸಿಕ್ತು?” ಎಂದು ಸನ್ನೆಯಲ್ಲಿ ಕೇಳಿದರು.

ಅತ್ತೆ ನೀರಿನಲ್ಲಿದ್ದ ಅಳಿಯನ ಕಡೆ ಬೆರಳು ತೋರಿಸಿದರು.

“ಹಲ್ಲು ಸಿಕ್ಕಿದೆ!” ಎಂದು ಅಂಚೆಯವರು ಕೂಗಿದರು. ಸುದ್ದಿ ಸರಪಳಿಯಲ್ಲಿ ಕೈಯಿಂದ ಕೈಗೆ ಸಾಗಿ, ಬೇಕರಿಯವರ ಬಾಯಿಂದ ಯಜಮಾನರ ಕಿವಿಗೆ ಬಿತ್ತು: “ಹಲ್ಲು ಮಾತ್ರ ಸಿಕ್ತಂತೆ ಸ್ವಾಮಿ. ಉಳಿದದ್ದು ಇಲ್ಲೇ ಎಲ್ಲೋ ಇರ್ಬೇಕು.”

ಯಜಮಾನರ ಮೊಣಕಾಲು ಕುಸಿಯಿತು. ನೀರು ಎದೆಗೇರಿತು. ಕೋಟು ನೀರಿನ ಮೇಲೆ ಕೊಡೆಯಂತೆ ಅರಳಿತು. ಆಗ ಅದರ ಎದೆಜೇಬಿನಿಂದ ಹಳದಿಯ ದುಂಡನೆಯದೊಂದು ಮೆಲ್ಲನೆ ಹೊರಬಂದು, ಒಮ್ಮೆ ಮಗುಚಿ, ಅವರ ಗದ್ದದೆದುರು ತೇಲತೊಡಗಿತು. ಅದರ ಮೇಲೆ ‘17’ ಎಂದಿತ್ತು.

ಸಮಯ ಎಂಟೂ ಮೂವತ್ತೆರಡು.

ಬೇರೆ ಯಾರೂ ನೋಡಲಿಲ್ಲ. ಬಿಲ್ಲೆ ಅವರನ್ನು ಬಿಟ್ಟು ಒಂದು ಗೇಣು ಸರಿಯಿತು, ಬಳಿಕ ಒಂದು ಮೊಳ. ಸುಮ್ಮನಿದ್ದರೆ ಅದು ತಾನಾಗಿ ಎಲ್ಲಿಗೋ ಹೋಗುತ್ತಿತ್ತು. ಅದರ ನೇರಕ್ಕೆ, ಬಹಳ ದೂರದಲ್ಲಿ, ದೋಣಿ ಕರಿಬಂಡೆಯ ಪಕ್ಕಕ್ಕೆ ತಲುಪಿ, ಆಚೆಗೆ ತಿರುಗಲು ಮೂಗು ಹೊರಳಿಸುತ್ತಿತ್ತು. ಎರಡನೆಯ ಹಲಗೆಯ ನೀಲಿ ಅಂಗಿ ಇಲ್ಲಿಂದಲೂ ಕಾಣುತ್ತಿತ್ತು.

ಯಜಮಾನರು ಕೂಗಲು ಬಾಯ್ದೆರೆದರು. ಬಾಯೊಳಗೆ ಅಲೆ ಹೋಯಿತು. ಅವರು ಬೇಕರಿಯವರ ಕೈ ಬಿಟ್ಟರು.

ಮುಂದೆ ನಡೆದದ್ದನ್ನು ಈಜು ಎನ್ನಲಾಗದು. ಅಂದು ಕಂಡವರಲ್ಲಿ ಯಾರೂ ಹಾಗೆಂದಿಲ್ಲ. ನೀರಿನ ಮೇಲೆ ಒಂದು ಬಿಳಿ ಕೋಟು ತನ್ನಷ್ಟಕ್ಕೆ ಜಗಳವಾಡುತ್ತಾ ಮುಂದೆ ಹೋಯಿತು. ಮೊದಲು ಎರಡು ಕೈ ಕಂಡವು, ಬಳಿಕ ಒಂದು ಕಾಲು. ಆಮೇಲೆ ಏನೂ ಕಾಣಲಿಲ್ಲ. ಕಡೆಗೆ ಒಂದೇ ಒಂದು ಕೈ ನೇರವಾಗಿ ಮೇಲೆದ್ದಿತು. ಅದರಲ್ಲಿ ಹಳದಿ ಬಿಲ್ಲೆಯಿತ್ತು.

“ಅಪ್ಪಂಗೆ ಈಜು ಬರಲ್ಲ!” ಎಂದು ಮಗಳು ನೀರಿಗೆ ಚಾಚಿದ ಕಟ್ಟೆಯ ತುದಿಯಿಂದ ಕಿರುಚಿದಳು. ಎಂಟು ತಿಂಗಳ ಗುಟ್ಟು ಅವಳಿಗೆ ಒಂದೇ ನೋಟದಲ್ಲಿ ತಿಳಿದಿತ್ತು. ಗೂಟಕ್ಕೆ ತೂಗಿದ್ದ, ಹಗ್ಗ ಕಟ್ಟಿದ ರಬ್ಬರಿನ ತೇಲುಂಗುರವನ್ನು ಎತ್ತಿ ಎಸೆದಳು. ಅದು ನೇರವಾಗಿ ಆ ಕೈಯ ಮೇಲೆ ಬಿತ್ತು.

ಎಳೆದು ತಂದು ಮರಳಿನ ಮೇಲೆ ಮಲಗಿಸಿದಾಗ ಯಜಮಾನರು ಮೊದಲು ನೀರು ಕಕ್ಕಿದರು, ಆಮೇಲೆ ಮಾತು.

“ದೋಣಿ... ವಾಪಸ್ ಕರೀರಿ.”

“ಬಿಲ್ಲೆ ಎಲ್ಲಿ ಸಿಕ್ತು?” ಎಂದರು ಮೇಲ್ವಿಚಾರಕಿ.

“ಜೇಬಲ್ಲಿ.”

“ಅವರ ಜೇಬಲ್ಲಾ?”

“ನನ್ನ ಜೇಬಲ್ಲಿ. ಹದಿನೇಳು ನಾನೇ. ಕರೀರಿ ಮೊದ್ಲು!”

“ಹಾಗಾದ್ರೆ ಕೆಂಪು ಟೊಪ್ಪಿಯವರು?”

“ಅವರು ಇಲ್ಲ.”

“ಹೋದ್ರಾ?” ಎಂದು ಅಂಚೆಯವರು ಟೊಪ್ಪಿ ತೆಗೆದರು.

“ಹೋಗ್ಲಿಲ್ಲ ಮಾರಾಯ್ರೇ. ಇರಲೇ ಇಲ್ಲ!”

ಮೇಲ್ವಿಚಾರಕಿ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಸೀಟಿಯನ್ನು ಯಜಮಾನರು ಕಟ್ಟಿಕೊಟ್ಟ ಹಲ್ಲುಗಳ ನಡುವೆ ಕಚ್ಚಿ ಉದ್ದಕ್ಕೆ ಊದಿದರು. ಗಾಳಿ ಎದುರಿಗಿತ್ತು. ದೋಣಿ ನಿಲ್ಲಲಿಲ್ಲ. ಆಕೆ ಮತ್ತೆ ಊದಿದರು. ಮುಖ ಕೆಂಪಾಯಿತು, ಕೊರಳಿನ ನರ ಉಬ್ಬಿತು. ಯಜಮಾನರು ಮಗಳ ಟವೆಲಿನ ಅಂಚು ಹಿಡಿದುಕೊಂಡು ದೋಣಿಯನ್ನೇ ನೋಡುತ್ತಿದ್ದರು. ಈ ಸಲ ಅವರು ಗೋಡೆಗೆ ಮುಖ ತಿರುಗಿಸಲಿಲ್ಲ. ಮೂರನೆಯ ಸಲಕ್ಕೆ ನೀಲಿ ಅಂಗಿ ತಲೆಯೆತ್ತಿತು. ಹುಟ್ಟುಗಳು ಒಮ್ಮೆಗೇ ನಿಂತವು. ದೋಣಿ ತಿರುಗಿತು.

ಅದು ಬಂಡೆಯ ಒಳಮಗ್ಗುಲಿಗೆ ಬಂದದ್ದು ಎಂಟೂ ಮೂವತ್ತೊಂಬತ್ತಕ್ಕೆ.

ಅಂಚೆಯವರಿಗೆ ಮಾತ್ರ ಸಮಾಧಾನವಾಗಲಿಲ್ಲ. “ಇರಲೇ ಇಲ್ಲ ಅಂದ್ರೆ ಹೇಗ್ರೀ? ನಾನು ನಮಸ್ಕಾರ ಹೇಳಿದೀನಿ!” ಎಂದು ಎಲ್ಲರನ್ನೂ ಕೇಳುತ್ತಾ ತಿರುಗಿದರು.

ಹೆಂಡತಿ ದೋಣಿಯಿಂದ ಇಳಿದು ಬಂದರು. ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನಡೆದದ್ದನ್ನು ಮಗಳು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಹೆಂಡತಿ ಗಂಡನ ತಲೆಗೆ ಕೈ ಹಾಕಿ ಕೂದಲು ಮುಟ್ಟಿ ನೋಡಿದರು. ಮೊದಲ ಸಲ ಅದು ಅಂಟಂಟಾಗಿತ್ತು.

“ಒಂದು ಕಿಲೋಮೀಟರ್?” ಎಂದರು.

“ಸುಮಾರು” ಎಂದರು ಯಜಮಾನರು.

ಹೆಂಡತಿ ನಕ್ಕರೋ ಅತ್ತರೋ ಎಂಬುದು ಹತ್ತಿರವಿದ್ದವರಿಗೂ ಖಚಿತವಾಗಿ ತಿಳಿಯಲಿಲ್ಲ. ಗಂಡನ ಕೋಟಿನ ಕಾಲರನ್ನು ಮಾತ್ರ ಮನೆ ಮುಟ್ಟುವವರೆಗೆ ಬಿಡಲಿಲ್ಲ.

ಮೇಲ್ವಿಚಾರಕಿ ಪುಸ್ತಕ ತಿದ್ದದೆ ಬಿಡುವವರಲ್ಲ. ಬೇಕರಿಯವರನ್ನು ಮತ್ತೆ ನೀರಿಗಿಳಿಸಿ, ಅವರು ನಿಂತಿದ್ದ ಜಾಗದಿಂದ ಬಿಲ್ಲೆ ಸಿಕ್ಕಿದ ಜಾಗದವರೆಗೆ ಹಗ್ಗ ಹಿಡಿದು ಅಳೆದರು. ‘ಸುಮಾರು ಒಂದು ಕಿಲೋಮೀಟರ್’ ಎಂಬುದನ್ನು ಹೊಡೆದು ಹಾಕಿ, ‘ಎರಡು ಮೀಟರ್ ಎಂಬತ್ತು ಸೆಂಟಿಮೀಟರ್’ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಮುಖ್ಯೋಪಾಧ್ಯಾಯರ ಹಲ್ಲನ್ನು ಅತ್ತೆ ಒಂಬತ್ತೂ ಐವತ್ತಕ್ಕೆ ತಾವೇ ಶಾಲೆಗೆ ಮುಟ್ಟಿಸಿದರು.

ಸೋಮವಾರ ಸಂಜೆ ಐದಕ್ಕೆ, ದೋಣಿಮನೆಯ ಎದುರಿನ ಮೊಣಕಾಲುದ್ದ ನೀರಿನಲ್ಲಿ, ಹೊಸಬರ ಈಜು ತರಗತಿ ಆರಂಭವಾಯಿತು. ಹದಿನಾಲ್ಕು ಮಂದಿ ಹೆಸರು ಕೊಟ್ಟಿದ್ದರು. ಹನ್ನೆರಡು ಮಂದಿ ಏಳು ವರ್ಷದೊಳಗಿನವರು. ಹದಿಮೂರನೆಯವರು ಯಜಮಾನರು. ಹದಿನಾಲ್ಕನೆಯವರು ಅವರ ಅತ್ತೆ. ಮೊದಲು ನೀರಿಗಿಳಿದದ್ದು ಅತ್ತೆಯೇ.